ಗೇಟಿನ ಗುರುತಿಗೆ ಬಿದ್ದ ಓಟು

ಹಲಸೂರಿನ ನಮ್ಮ ಶಾಲೆಯಲ್ಲಿ ವಿದ್ಯಾರ್ಥಿ ನಾಯಕನನ್ನು ಆರಿಸುವುದು ಹಿಂದೆಲ್ಲ ಒಂದು ಲೋಟ ಚಹಾದ ಕೆಲಸ. ಸ್ಟಾಫ್ ರೂಮಿಗೆ ಚಹಾ ಬರುವ ಹೊತ್ತಿಗೆ ಒಂಬತ್ತನೇ ತರಗತಿಯ ಎತ್ತರದ ಹುಡುಗನೊಬ್ಬನ ಹೆಸರು ಯಾರದೋ ಬಾಯಿಂದ ಬರುತ್ತಿತ್ತು, ಲೋಟ ಖಾಲಿಯಾಗುವ ಹೊತ್ತಿಗೆ ಅವನು ಎಸ್‌ಪಿಎಲ್ ಆಗಿರುತ್ತಿದ್ದ. ಸ್ಕೂಲ್ ಪ್ಯೂಪಿಲ್ ಲೀಡರ್ ಎನ್ನುವುದನ್ನು ನಮ್ಮಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ. ಅವನು ‘ಅಟೆನ್ಶನ್’ ಎಂದು ಕೂಗಿದರೆ ಕೊನೆಯ ಸಾಲಿಗೆ ಕೇಳಿಸಬೇಕು, ಬೇರೆ ಅರ್ಹತೆ ಬೇಕಿರಲಿಲ್ಲ. ಹುಡುಗಿಯರಿಗೆ ಉಪನಾಯಕಿಯ ಬ್ಯಾಡ್ಜು ಮೀಸಲು.

ಹೊಸದಾಗಿ ಬಂದ ಹೆಡ್‌ಮಿಸ್ ಆ ವರ್ಷ ಮೊದಲ ಮೀಟಿಂಗಿನಲ್ಲೇ ಅದನ್ನು ತಪ್ಪಿಸಿದರು. “ಈ ಸಲ ನಿಜವಾದ ಎಲೆಕ್ಷನ್ ಮಾಡೋಣ. ಸೋಷಿಯಲ್ ಮೇಡಂ ನೋಡ್ಕೋತಾರೆ,” ಎಂದು ನನ್ನ ಕಡೆ ಕೈ ತೋರಿಸಿದರು. ಸಮಾಜ ವಿಜ್ಞಾನ ಹೇಳಿಕೊಡುವವಳು ನಾನು. ಮತದಾನ ಪವಿತ್ರ ಹಕ್ಕು ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಬರೆದು ಅಳಿಸಿದವಳಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೆ? ನನಗೆ ಸಹಾಯಕ್ಕೆ ಪಿ.ಟಿ. ಮೇಷ್ಟ್ರನ್ನು ಕೊಟ್ಟರು. ಅವರೇ ಬೇಕೆಂದು ಕೇಳಿದ್ದೂ ನಾನೇ.

ಪಿ.ಟಿ. ಮೇಷ್ಟ್ರ ವಿಷಯ ಇಲ್ಲೇ ಹೇಳಿಬಿಡಬೇಕು. ನಾನು ಮಹದೇವಪುರದವಳು, ಅವರದು ಕೆ.ಆರ್. ಪುರ. ಶಾಲೆ ಬಿಟ್ಟ ಮೇಲೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನವರೆಗೆ ಅವರ ಸ್ಕೂಟರಿನ ಹಿಂದಿನ ಸೀಟು ನನ್ನದು. ನನ್ನನ್ನು ಅಕ್ಕ ಎನ್ನುತ್ತಿದ್ದರು. ನಮ್ಮ ರಸ್ತೆಯಲ್ಲಿ ನೀರು ನಿಂತು ಬಸ್ಸು, ಕ್ಯಾಬು ಯಾವುದೂ ಬರದೆ ಹೋದ ದಿನ ಪ್ಯಾಂಟು ಮಡಿಚಿಕೊಂಡು ಗಾಡಿ ತಳ್ಳಿಕೊಂಡು ನನ್ನನ್ನು ಮನೆ ಬಾಗಿಲಿಗೆ ಮುಟ್ಟಿಸಿದ ಮನುಷ್ಯ. ನನ್ನ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ನನ್ನ ಪೀರಿಯಡ್ಡುಗಳನ್ನೂ ತಾವೇ ನೋಡಿಕೊಂಡು ಮಕ್ಕಳಿಗೆ ಭೂಪಟದ ಬದಲು ಕಬಡ್ಡಿ ಹೇಳಿಕೊಟ್ಟಿದ್ದರು. ಇಂಥವರ ಮೇಲೆ ಅನುಮಾನ ಪಡುವುದು ನನ್ನ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ.

ಇಬ್ಬರೂ ಕೂತು ನಿಯಮ ಮಾಡಿದೆವು. ನಿಲ್ಲುವವರಿಗೆ ಒಬ್ಬ ಸೂಚಕ, ಒಬ್ಬ ಅನುಮೋದಕ ಬೇಕು, ಇಬ್ಬರೂ ಬೇರೆ ಸೆಕ್ಷನ್ನಿನವರಾಗಿರಬೇಕು. ಇಲ್ಲದಿದ್ದರೆ ಒಂದೇ ಬೆಂಚಿನಲ್ಲಿ ಸರ್ಕಾರ ತಯಾರಾಗಿಬಿಡುತ್ತದೆ. ನಾಮಪತ್ರ, ಪರಿಶೀಲನೆ, ವಾಪಸಾತಿ, ಆಮೇಲೆ ಗುರುತು ಹಂಚಿಕೆ, ಆಮೇಲೆ ಪ್ರಚಾರ. ಚಾಕೊಲೇಟ್ ಹಂಚಿದವರು ಔಟ್. ಮತದಾನಕ್ಕೆ ವೋಟಿಂಗ್ ಆ್ಯಪ್ ಹಾಕಿದ ಎರಡು ಫೋನು: ರಟ್ಟಿನ ಮರೆಯಲ್ಲಿ ಒಂದು, ನನ್ನ ಮುಂದೆ ಒಂದು. ನನ್ನದರಲ್ಲಿ ನಾನು ಒತ್ತಿದರೆ ಆ ಕಡೆಯದು ಒಂದೇ ಒಂದು ಓಟಿಗೆ ತೆರೆದುಕೊಳ್ಳುತ್ತದೆ, ಓಟು ಬಿದ್ದೊಡನೆ ಪೀಂಗುಟ್ಟಿ ಮುಚ್ಚಿಕೊಳ್ಳುತ್ತದೆ. ಅಭ್ಯರ್ಥಿಗಳ ಫೋಟೋ ಹಾಕುವುದು ಬೇಡ, ಹೆಣ್ಣುಮಕ್ಕಳ ಫೋಟೋ ಯಾರ್ಯಾರದೋ ಫೋನಿನಲ್ಲಿ ಉಳಿಯುತ್ತದೆ ಎಂದರು ಹೆಡ್‌ಮಿಸ್. ಸರಿ ಎನಿಸಿತು. ಹೆಸರು ಮತ್ತು ಗುರುತು ಸಾಕು ಎಂದುಕೊಂಡೆವು.

ಎಲ್ಲಕ್ಕಿಂತ ನನಗೆ ಹೆಮ್ಮೆಯಾಗಿದ್ದದ್ದು ಕೌನ್ಸಿಲ್ಲಿನ ನಿಯಮ. ಎಸ್‌ಪಿಎಲ್ ಮತ್ತು ಪ್ರತಿ ತರಗತಿಯ ಪ್ರತಿನಿಧಿಗಳು ಸೇರಿ ಒಪ್ಪಿದ ಬೇಡಿಕೆಗೆ ಹೆಡ್‌ಮಿಸ್ ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರ ಎದುರು ಉತ್ತರ ಕೊಡಬೇಕು. ಆಗುತ್ತದೆ ಎಂದಾದರೂ ಹೇಳಬೇಕು, ಏಕೆ ಆಗುವುದಿಲ್ಲ ಎಂದಾದರೂ ಹೇಳಬೇಕು. ಹೆಡ್‌ಮಿಸ್ ತಲೆಯಾಡಿಸಿದರು. ಪಿ.ಟಿ. ಮೇಷ್ಟ್ರು, “ಅಕ್ಕಾ, ನೀವು ಪಾರ್ಲಿಮೆಂಟಲ್ಲಿ ಇರ್ಬೇಕಿತ್ತು, ಇಲ್ಲಿ ವೇಸ್ಟ್ ಆಗ್ತಿದೀರ,” ಎಂದು ರೇಗಿಸಿದರು.

ಮೊದಲ ನಾಮಪತ್ರ ತಂದವಳು ಒಂಬತ್ತನೇ ‘ಎ’ಯ ಆಯಿಷಾ ಎಸ್. ಅವಳ ಅಪ್ಪನ ಅಂಗಡಿ ಶಿವಾಜಿನಗರದಲ್ಲಿ. ಮನೆಯೂ ಅಲ್ಲೇ ಇತ್ತು, ಬಾಡಿಗೆ ಏರಿ ಏರಿ ಟಿನ್ ಫ್ಯಾಕ್ಟರಿಯ ಆಚೆಗೆ ಹೋಗಿದ್ದರು. ಅವಳ ಅಮ್ಮ ಓದಿದ್ದೂ ನಮ್ಮ ಶಾಲೆಯಲ್ಲೇ ಎಂದು ಮನೆ ದೂರವಾದರೂ ಇವಳನ್ನು ಬಿಡಿಸಿರಲಿಲ್ಲ. ಅಲ್ಲಿಂದ ಬರುವ ಬಸ್ಸಿನ ಕಥೆ ನನಗೂ ಗೊತ್ತು. ಮೆಟ್ರೋ ಸ್ಟೇಷನ್ನಿನ ಕೆಳಗೆ ಎಲ್ಲ ಬಸ್ಸುಗಳೂ ಒಂದಕ್ಕೊಂದು ಮೂತಿ ಉಜ್ಜಿಕೊಂಡು ನಿಂತಿರುತ್ತವೆ, ಎಷ್ಟು ಬೇಗ ಹೊರಟರೂ ವಾರದಲ್ಲಿ ಒಂದೆರಡು ದಿನ ತಡವಾಗಿಯೇ ಆಗುತ್ತದೆ.

ತಡವಾದವರಿಗೆ ನಮ್ಮ ಗೇಟು ತೆರೆಯುತ್ತಿರಲಿಲ್ಲ. ಪ್ರಾರ್ಥನೆಯ ಬೆಲ್ಲಿಗೆ ಪಿ.ಟಿ. ಮೇಷ್ಟ್ರು ಗೇಟು ಮುಚ್ಚಿದರೆ ಮೊದಲ ಪೀರಿಯಡ್ ಮುಗಿದ ಮೇಲೇ ತೆರೆಯುವುದು. ಅಷ್ಟು ಹೊತ್ತೂ ಮಕ್ಕಳು ರಸ್ತೆಯಲ್ಲಿ ನಿಲ್ಲಬೇಕು. ಎದುರಿಗೆ ಒಂದು ಬೀಡಾ ಅಂಗಡಿ, ಅಲ್ಲಿ ಕೆಲಸವಿಲ್ಲದ ಗಂಡಸರು. ಹುಡುಗರು ಹೇಗೋ ನಿಂತುಬಿಡುತ್ತಿದ್ದರು, ಹುಡುಗಿಯರು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಶಾಲೆಗೆ ಶಿಸ್ತು ತಂದದ್ದು ಈ ಗೇಟೇ ಎಂದು ಮೇಷ್ಟ್ರು ಯಾರು ಬಂದರೂ ಹೇಳಿಕೊಳ್ಳುತ್ತಿದ್ದರು.

“ಗೇಟ್ ಮುಚ್ಬೇಡಿ ಅಂತ ನಾನು ಹೇಳಲ್ಲ ಮಿಸ್,” ಎಂದಳು ಆಯಿಷಾ. “ಮುಚ್ಲಿ. ನಮ್ಮನ್ನ ಒಳಗೆ ಹಾಕ್ಕೊಂಡು ಮುಚ್ಲಿ. ಬೈಯೋದು, ನಿಲ್ಸೋದು, ಗ್ರೌಂಡ್ ಸುತ್ಸೋದು ಎಲ್ಲಾ ಒಳಗೇ ಮಾಡ್ಲಿ.”

“ಇದೇ ನಿನ್ನ ಭಾಷಣಾನಾ?”

“ಇದೊಂದೇ ಮಿಸ್. ಅಬ್ಬಾ ಹೇಳ್ಬಿಟ್ಟಿದಾರೆ. ಹೆಣ್ಮಕ್ಕಳನ್ನ ರೋಡಲ್ಲಿ ನಿಲ್ಸೋ ಸ್ಕೂಲು ಬೇಡ, ಇನ್ನೊಂದ್ಸಲ ನಿಲ್ಸಿದ್ರೆ ಮನೆ ಹತ್ರಾನೇ ಸೇರಿಸ್ತೀನಿ ಅಂತ. ನಂಗೆ ಇಲ್ಲೇ ಓದ್ಬೇಕು.”

ಅವಳ ಅಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಮಗಳಾಗಿದ್ದರೆ ನಾನು ಒಂದೇ ಸಲಕ್ಕೆ ಬಿಡಿಸುತ್ತಿದ್ದೆ. ಆದರೆ ನಾನು ಚುನಾವಣಾಧಿಕಾರಿ. ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. ಸಂಜೆ ಸ್ಕೂಟರಿನಲ್ಲಿ ಹೋಗುವಾಗ ಮೇಷ್ಟ್ರಿಗೂ ಹೇಳಲಿಲ್ಲ. ಅಭ್ಯರ್ಥಿ ನನಗೆ ಹೇಳಿದ್ದನ್ನು ನಾನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ ಎನ್ನುವುದು ನನ್ನ ಲೆಕ್ಕ. ಮೇಷ್ಟ್ರಿಗೆ ಅದು ಆ ವಾರದೊಳಗೇ ಗ್ರೌಂಡಿನಲ್ಲಿ ಮಕ್ಕಳ ಬಾಯಿಂದ ಗೊತ್ತಾಯಿತು. ನನ್ನ ಹತ್ತಿರ ಅವರೂ ಆ ಮಾತು ಎತ್ತಲಿಲ್ಲ.

ಎರಡನೆಯವನು ಶಾಲೆಯ ಕ್ರಿಕೆಟ್ ಟೀಮಿನ ಹುಡುಗ, ಒಳ್ಳೆಯವನೇ. ನಾಮಪತ್ರದ ಕೊನೆಯ ದಿನ, ಕೊನೆಯ ಬೆಲ್ಲಿಗೆ ಸ್ವಲ್ಪ ಮುಂಚೆ ಮೂರನೆಯವಳು ಬಂದಳು. ಒಂಬತ್ತನೇ ‘ಸಿ’ಯ ಆಯಿಷಾ ಕೆ. ಥ್ರೋಬಾಲ್ ಟೀಮಿನವಳು. ಕೇಳಿದ್ದಕ್ಕೂ ಉತ್ತರ ಕೊಡಲು ನಾಚುವ ಹುಡುಗಿ. ‘ಏಕೆ ನಿಲ್ಲುತ್ತಿದ್ದೀಯಮ್ಮ’ ಎಂದರೆ ಸುಮ್ಮನೆ ನಕ್ಕಳು. ನಾನು ಖುಷಿಪಟ್ಟೆ. ಬಾಯಿಲ್ಲದ ಮಕ್ಕಳಿಗೂ ಧೈರ್ಯ ಬಂತಲ್ಲ ಎಂದು ಸ್ಟಾಫ್ ರೂಮಿನಲ್ಲಿ ಸಾರಿದೆ. ಒಂದೇ ಹೆಸರಿನವರನ್ನು ನಿಲ್ಲಿಸಿ ಓಟು ಒಡೆಯುವ ವಿದ್ಯೆಯನ್ನು ಎಂಟನೇ ತರಗತಿಗೆ ಪ್ರತಿ ವರ್ಷ ಹೇಳಿಕೊಡುವ ನನಗೆ, ನನ್ನ ಮೇಜಿನ ಮೇಲೇ ಎರಡು ಆಯಿಷಾ ಬಂದು ಕೂತಾಗ ಏನೂ ಹೊಳೆಯಲಿಲ್ಲ.

ಗುರುತು ಹಂಚುವ ದಿನ ಕೆ.ಆರ್. ಪುರದಲ್ಲಿ ನನಗೆ ಇಲಾಖೆಯ ತರಬೇತಿ ಬಿತ್ತು. ತಪ್ಪಿಸಿದರೆ ನೋಟಿಸು. ಹಂಚಿಕೆಯನ್ನು ಮುಂದೂಡುತ್ತೇನೆ ಎಂದೆ.

“ಯಾಕಕ್ಕಾ ಮುಂದೂಡೋದು? ಮೂರು ಚೀಟಿ ಎತ್ತಿಸೋದಕ್ಕೆ ನೀವೇ ಬೇಕಾ? ನಾನಿಲ್ವಾ?” ಎಂದರು ಮೇಷ್ಟ್ರು. “ನೀವು ಹೋಗ್ಬನ್ನಿ. ನಾನು ನೋಡ್ಕೋತೀನಿ.”

ಮಾರನೇ ದಿನ ಬಂದು ನೋಡಿದರೆ ನೋಟಿಸ್ ಬೋರ್ಡಿನಲ್ಲಿ ಚಿತ್ರ ಸಮೇತ ಗುರುತುಗಳು. ಹುಡುಗನಿಗೆ ಬ್ಯಾಟು. ಆಯಿಷಾ ಎಸ್.ಗೆ ಗಡಿಯಾರ. ಆಯಿಷಾ ಕೆ.ಗೆ ಬಾಗಿಲು. ಬಾಗಿಲು ಎಂದು ಬರೆದಿತ್ತೇ ಹೊರತು ಬರೆದ ಚಿತ್ರ ಎರಡು ರೆಕ್ಕೆಯದು, ಸರಳು ಸರಳಿನದು, ಥೇಟು ನಮ್ಮ ಶಾಲೆಯ ಗೇಟು. ತಡವಾಗಿ ಬರುವ ಹುಡುಗಿಗೆ ಗಡಿಯಾರ ಸಿಕ್ಕಿದ್ದಕ್ಕೆ ಮಕ್ಕಳು ಆಗಲೇ ನಗಲು ಶುರು ಮಾಡಿದ್ದರು. ಗೇಟಿನ ಮಾತಾಡುತ್ತಿದ್ದವಳಿಗೆ ಗೇಟು ಸಿಗದೆ ಇನ್ನೊಬ್ಬಳಿಗೆ ಸಿಕ್ಕಿದೆ.

“ಇದೇನ್ರೀ ಮೇಷ್ಟ್ರೇ, ಹೀಗಾಯ್ತು?”

“ಚೀಟಿ ಅಕ್ಕ. ಅವರವರ ಅದೃಷ್ಟ,” ಎಂದರು, ವಿಸಿಲ್ಲಿನ ದಾರ ಬೆರಳಿಗೆ ಸುತ್ತಿಕೊಳ್ಳುತ್ತಾ.

ಬೇರೆ ಯಾರೇ ಹೇಳಿದ್ದರೂ ಮೂವರನ್ನೂ ಕರೆದು ಕೇಳುತ್ತಿದ್ದೆ. ಇವರು ಹೇಳಿದರಲ್ಲ, ಅಲ್ಲಿಗೆ ಮುಗಿಯಿತು. ಗೇಟಿನ ಚಿತ್ರವನ್ನಾದರೂ ಬದಲಾಯಿಸೋಣವೇ ಎಂದು ಒಂದು ಕ್ಷಣ ಅನಿಸಿತು. ಹಂಚಿದ ಮೇಲೆ ಬದಲಾಯಿಸಿದರೆ ಅದೂ ಪಕ್ಷಪಾತವೇ ಎಂದು ಬಿಟ್ಟೆ.

ಪ್ರಚಾರ ನಡೆಯಿತು. ಪ್ರತಿ ತರಗತಿಗೂ ಹೋಗಿ ಎರಡು ನಿಮಿಷ ಮಾತಾಡಲು ಅವಕಾಶ. ಆಯಿಷಾ ಎಸ್. ಕನ್ನಡದಲ್ಲಿ ಹೇಳಿ, ಅದನ್ನೇ ಮನೆಯ ದಖ್ಖನಿ ಉರ್ದುವಿನಲ್ಲೂ ಹೇಳಿ, ತಮಿಳು ಮಕ್ಕಳಿಗಾಗಿ ಗೆಳತಿಯಿಂದ ಕಲಿತ ಒಂದು ಸಾಲು ಸೇರಿಸುತ್ತಿದ್ದಳು. ಹೋದಲ್ಲೆಲ್ಲ ಗೇಟು, ಗೇಟು. ಕೊನೆಗೆ ಇಡೀ ಶಾಲೆಯಲ್ಲಿ ಅವಳ ಹೆಸರೇ ‘ಗೇಟ್ ಆಯಿಷಾ’ ಎಂದಾಯಿತು. ಇನ್ನೊಬ್ಬ ಆಯಿಷಾ ಒಂದು ತರಗತಿಗೂ ಹೋಗಲಿಲ್ಲ.

ಮತದಾನದ ಬೆಳಿಗ್ಗೆ ಡ್ರಾಯಿಂಗ್ ರೂಮನ್ನು ಮತಗಟ್ಟೆ ಮಾಡಿದ್ದೆವು. ಹತ್ತನೇ ತರಗತಿಯ ಮಕ್ಕಳೇ ಅಧಿಕಾರಿಗಳು. ಒಬ್ಬಳು ಹೆಸರು ನೋಡುವವಳು, ಒಬ್ಬ ಬೆರಳಿಗೆ ಮಾರ್ಕರ್ ಹಚ್ಚುವವನು. ದೊಡ್ಡ ತರಗತಿಗಳು ಮುಗಿದು ಆರನೇ ತರಗತಿಯ ಸಾಲು ಬಂತು. ಒಂದು ಪುಟ್ಟ ಹುಡುಗಿ ರಟ್ಟಿನ ಮರೆಯಿಂದ ಹೊರಬಂದವಳೇ ಬಣ್ಣದ ಬೆರಳು ಎತ್ತಿ ನನಗೆ ತೋರಿಸಿದಳು.

“ಮಿಸ್, ನಾನು ಗೇಟ್ ಅಕ್ಕಂಗೆ ಹಾಕ್ದೆ. ಗೇಟ್ ಚಿತ್ರ ಇದೆಯಲ್ಲಾ, ಅದೇ ಒತ್ತಿದೆ!”

ಯಾರಿಗೆ ಹಾಕಿದೆ ಎಂದು ಹೇಳಬಾರದು ಎಂದು ಗದರಿಸಲು ಬಾಯಿ ತೆರೆದವಳು ಹಾಗೇ ಉಳಿದೆ. ಅವಳ ಹಿಂದಿನವಳು, “ನಾನೂ ಅದೇ,” ಎಂದಳು. ಗೇಟಿನ ಗುರುತು ಇವರ ಗೇಟ್ ಅಕ್ಕನದಲ್ಲ, ಇನ್ನೊಬ್ಬ ಆಯಿಷಾಳದು. ಸಾಲನ್ನು ನಿಲ್ಲಿಸಿ, ನೀರು ಕುಡಿದು ಬರುತ್ತೇನೆ ಎಂದು ಎದ್ದೆ.

ಆಯಿಷಾ ಕೆ. ಕಾರಿಡಾರಿನಲ್ಲೇ ಸಿಕ್ಕಿದಳು. ಚೀಟಿ ಯಾರು ಎತ್ತಿದ್ದು ಎಂದು ಕೇಳಿದೆ. ಅವಳಿಗೆ ಸುಳ್ಳು ಹೇಳಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

“ಎತ್ತಲಿಲ್ಲ ಮಿಸ್. ನೀನು ಬಾಗಿಲು, ನೀನು ಗಡಿಯಾರ ಅಂತ ಸರ್ರೇ ಕೊಟ್ರು.”

“ನೀನು ನಿಂತಿದ್ದು?”

“ಅದೂ ಸರ್ರೇ ಹೇಳಿದ್ರು. ನಿಂತ್ಕೋ, ಟೀಮ್‌ಗೆ ಒಳ್ಳೇ ಹೆಸ್ರು ಬರುತ್ತೆ ಅಂತ.” ಆಮೇಲೆ ಹೆದರಿ, “ತಪ್ಪಾಯ್ತಾ ಮಿಸ್?” ಎಂದಳು.

“ನಿಂದೇನೂ ತಪ್ಪಿಲ್ಲಮ್ಮ,” ಎಂದು ಕಳಿಸಿದೆ. ಇನ್ನೊಬ್ಬ ಆಯಿಷಾಳನ್ನು ಕರೆದು, ಗಡಿಯಾರ ಕೊಟ್ಟಾಗ ನನಗೆ ಏಕೆ ಹೇಳಲಿಲ್ಲ ಎಂದರೆ, “ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ ಮಿಸ್. ನೀವೂ ಸರ್ರೂ ಒಟ್ಟಿಗೇ ಅಲ್ವಾ?” ಎಂದಳು. ಆ ಮಾತಿನ ಬರೆ ಈಗಲೂ ನನ್ನ ಮೈಮೇಲಿದೆ.

ಮೇಷ್ಟ್ರು ಗ್ರೌಂಡಿನ ಅಂಚಿನಲ್ಲಿ ನೆಟ್ ಕಟ್ಟಿಸುತ್ತಿದ್ದರು. ನಾನು ನಡೆದು ಬರುವ ರೀತಿ ನೋಡಿಯೇ ಗೊತ್ತಾಗಿರಬೇಕು, ಮಕ್ಕಳನ್ನು ಕಳಿಸಿದರು.

“ಚೀಟಿ ಎತ್ತಿಸಿದ್ರಾ ಮೇಷ್ಟ್ರೇ?”

“ಅದೆಲ್ಲ ಈಗ್ಯಾಕಕ್ಕ? ನಡೀತಿದೆ, ನಡೀಲಿ ಬಿಡಿ.”

“ಎತ್ತಿಸಿದ್ರಾ, ಇಲ್ವಾ?”

“ಇಲ್ಲ,” ಎಂದರು. ಒಪ್ಪಿಕೊಂಡರು ಎಂದುಕೊಳ್ಳುವಷ್ಟರಲ್ಲಿ ಅವರ ಮುಖ ಕೆಂಪಗಾಯಿತು. “ನೀವು ಮಾಡಿದ್ದು ಸರೀನಾ? ಆ ಹುಡ್ಗೀನ ನನ್ನ ಮೇಲೆ ಎತ್ತಿಕಟ್ಟಿದ್ದು ಯಾರು? ಮೊದಲ್ನೇ ದಿನಾನೇ ನಿಮ್ಮ ಹತ್ರ ಬಂದು ಹೇಳಿದ್ಲಂತೆ. ದಿನಾ ನನ್ನ ಗಾಡೀಲಿ ಹಿಂದೆ ಕೂತ್ಕೊಂಡ್ ಹೋಗ್ತೀರ, ಒಂದು ಮಾತು ಬಾಯಿ ಬಿಟ್ರಾ? ಹೇಳಿದ್ರೆ ನಾನೇ ತೆಗೀತಿದ್ದೆ ಗೇಟು.”

“ನಾನು ಎಲೆಕ್ಷನ್ ಆಫೀಸರ್ರು. ಹೇಳೋ ಹಾಗಿಲ್ಲ.”

“ನಂಗೂ ಆಫೀಸರ್ರಾ? ಅಕ್ಕ ಅಂತೀನಿ ನಾನು ನಿಮ್ಮನ್ನ.”

ಅವರ ದನಿಯಲ್ಲಿ ನಿಜವಾದ ನೋವಿತ್ತು, ಅದೇ ನನಗೆ ಇನ್ನಷ್ಟು ಉರಿ ಎಬ್ಬಿಸಿತು. ನಂಬಿದವಳ ಕಣ್ಣಿಗೆ ಮಣ್ಣೆರಚಿ, ಬಾಯಿಲ್ಲದ ಒಂದು ಮಗುವನ್ನು ಬಳಸಿಕೊಂಡು ಇನ್ನೊಂದು ಮಗುವನ್ನು ಮುಗಿಸಲು ಹೊರಟವರು, ಈಗ ತಾವೇ ಮೋಸ ಹೋದವರ ಹಾಗೆ ನಿಂತಿದ್ದಾರೆ! ಅಳು ಬಂತು. ಅವರೆದುರು ಅಳಬಾರದು ಎಂದು ತಿರುಗಿ ನಡೆದೆ.

ಡ್ರಾಯಿಂಗ್ ರೂಮಿನ ಬಾಗಿಲಿಗೆ ಬರುವ ಹೊತ್ತಿಗೆ ಏನು ಮಾಡಬೇಕೆಂದು ತೀರ್ಮಾನವಾಗಿತ್ತು. ಹೆಡ್‌ಮಿಸ್ಸನ್ನು ಕೇಳಲು ಹೋದರೆ ಬೇಡ ಎನ್ನುತ್ತಾರೆ. ಪದಗ್ರಹಣಕ್ಕೆ ಅತಿಥಿಗಳನ್ನು ಕರೆದಾಗಿದೆ. ಫೋನಿನಲ್ಲಿ ಮತದಾನ ಮುಕ್ತಾಯ ಎಂಬಲ್ಲಿ ಒತ್ತಿದೆ. ಫಲಿತಾಂಶ ನೋಡುತ್ತೀರಾ ಎಂದು ಕೇಳಿತು. ನೋಡಿದರೆ, ಯಾರು ಮುಂದಿದ್ದಾರೆ ಎಂದು ತಿಳಿದುಕೊಂಡು ನಿಲ್ಲಿಸಿದಂತಾಗುತ್ತದೆ. ನೋಡದೆಯೇ ಎಲ್ಲವನ್ನೂ ಅಳಿಸಿದೆ. ಅಧಿಕಾರಿಗಳಾಗಿದ್ದ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಹೆಡ್‌ಮಿಸ್ ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. “ಮಕ್ಕಳಾಟ ಇದು ಮೇಡಂ. ಇಷ್ಟು ಸೀರಿಯಸ್ಸಾ? ಆಯ್ತು, ಮತ್ತೆ ಮಾಡಿ. ಆದ್ರೆ ಫೋನ್ ಕೈಕೊಡ್ತು ಅಂತ ಹೇಳಿ. ಸ್ಟಾಫ್ ಹೆಸರು ಬರ್ಬಾರ್ದು.”

ಫೋನ್ ಕೈಕೊಟ್ಟಿಲ್ಲ, ಹಾಗೆ ಹೇಳಲಾರೆ ಎಂದೆ. ಹೆಸರು ತರುವುದಿಲ್ಲ ಎಂದು ಮಾತ್ರ ಒಪ್ಪಿದೆ. ಮಾರನೇ ದಿನ ಪ್ರಾರ್ಥನೆಯಲ್ಲಿ, ಗುರುತು ಹಂಚಿದ ಕ್ರಮ ಸರಿಯಿರಲಿಲ್ಲ, ಅದಕ್ಕೆ ಹೊಣೆ ನಾನು, ಇನ್ನೊಮ್ಮೆ ಮತದಾನ ಎಂದು ಹೇಳಿದೆ. ಪಿ.ಟಿ. ಮೇಷ್ಟ್ರು ಧ್ವಜಸ್ತಂಭದ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದರು. ಅಲ್ಲಿಯೇ, ಎಲ್ಲರೆದುರು, ಡಬ್ಬಿಯಿಂದ ಚೀಟಿ ಎತ್ತಿಸಿದೆ. ಆಯಿಷಾ ಎಸ್.ಗೆ ಪೆನ್ಸಿಲ್ ಬಂತು. ಇನ್ನೊಬ್ಬ ಆಯಿಷಾ ಕಣದಿಂದ ಹಿಂದೆ ಸರಿದಳು.

ನಾನು ಕಾರಣ ಪೂರ್ತಿ ಹೇಳಲಿಲ್ಲವಲ್ಲ, ಆ ಖಾಲಿ ಜಾಗವನ್ನು ಯಾರೋ ತುಂಬಿದರು. ಮಧ್ಯಾಹ್ನದೊಳಗೆ ಥ್ರೋಬಾಲ್ ಕೋರ್ಟಿನಿಂದ ಹೊರಟ ಮಾತು ಎಲ್ಲ ತರಗತಿಗಳಿಗೂ ಮುಟ್ಟಿತ್ತು: ಗೇಟ್ ಆಯಿಷಾ ಸೋಲುತ್ತಿದ್ದಳು, ಅದಕ್ಕೇ ಸೋಷಿಯಲ್ ಮಿಸ್ ಅವಳಿಗೋಸ್ಕರ ಎಲೆಕ್ಷನ್ ನಿಲ್ಲಿಸಿದರು. ಮಾತನ್ನು ಹೊರಡಿಸಿದವರು ಯಾರು ಎಂದು ನಾನು ಹುಡುಕಲು ಹೋಗಲಿಲ್ಲ. ಹುಡುಕಿ ತಿಳಿದುಕೊಳ್ಳುವ ಧೈರ್ಯ ನನಗಿರಲಿಲ್ಲ. ಮಕ್ಕಳು ಎಲ್ಲವನ್ನೂ ತಡೆದುಕೊಳ್ಳುತ್ತಾರೆ, ಟೀಚರ್ ಒಬ್ಬರ ಪರ ಎಂಬುದನ್ನು ತಡೆದುಕೊಳ್ಳುವುದಿಲ್ಲ. ಗೇಟಿನ ಮಾತಿಗೆ ಚಪ್ಪಾಳೆ ತಟ್ಟಿದ್ದ ತರಗತಿಗಳೇ ಅವಳು ಬಂದರೆ ಮುಖ ತಿರುಗಿಸಿಕೊಂಡವು.

ಎರಡನೇ ಮತದಾನ ಪುಸ್ತಕದಲ್ಲಿರುವಷ್ಟು ಶುದ್ಧವಾಗಿ ನಡೆಯಿತು. ಬ್ಯಾಟಿನ ಹುಡುಗ ಸಲೀಸಾಗಿ ಗೆದ್ದ. ಅತಿಥಿಗಳು ಬಂದರು, ಬ್ಯಾಂಡ್ ಬಾರಿಸಿತು, ಹೊಸ ಎಸ್‌ಪಿಎಲ್ ಎದೆಯ ಮೇಲೆ ಅಡ್ಡಪಟ್ಟಿ ಹಾಕಿಕೊಂಡು ಪ್ರಮಾಣವಚನ ಓದಿದ. ಕೌನ್ಸಿಲ್ಲಿನ ಮೊದಲ ಸಭೆಯಲ್ಲಿ ಸ್ಪೋರ್ಟ್ಸ್ ಡೇ ಟೀ ಶರ್ಟಿನ ಬಣ್ಣ ಯಾವುದು ಎಂಬ ಚರ್ಚೆಯಾಯಿತು. ಗೇಟಿನ ಹೆಸರನ್ನು ಯಾರೂ ಎತ್ತಲಿಲ್ಲ. ನಾನು ಎತ್ತಬಹುದಿತ್ತು, ಆದರೆ ಎತ್ತಿದರೆ ಮತ್ತೆ ಅವಳ ಪರ ಎನ್ನುತ್ತಾರೆ ಎಂದು ಬಾಯಿ ಮುಚ್ಚಿಕೊಂಡು ಕೂತೆ. ನಾನು ಸಂಜೆ ಬಸ್ಸಿನಲ್ಲಿ ಹೋಗಲು ಶುರು ಮಾಡಿದ್ದೆ.

ಹೆಚ್ಚು ದಿನ ಕಳೆಯಲಿಲ್ಲ, ಜೋರು ಮಳೆಯಾದ ಒಂದು ಬೆಳಿಗ್ಗೆ ಬಸ್ಸು ತಡವಾಯಿತು. ಆಯಿಷಾ ಕೊಡೆಯಿಲ್ಲದೆ ಗೇಟಿನ ಹೊರಗೆ ನಿಂತಳು. ಆ ವಾರವೇ ಅವಳ ಅಪ್ಪ ಟಿ.ಸಿ. ಕೇಳಲು ಬಂದರು. ಮೆಲುದನಿಯ ಮನುಷ್ಯ, ನನ್ನನ್ನು ಕಂಡು ಎದ್ದು ನಿಂತು, “ನಿಮ್ಮ ಮೇಲೇನೂ ಬೇಜಾರಿಲ್ಲ ಮೇಡಂ,” ಎಂದು ಆಫೀಸಿನ ಒಳಗೆ ಹೋದರು. ಆಯಿಷಾ ಹೊರಗಿನ ಬೆಂಚಿನ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಹೊಸ ಶಾಲೆ ಹೇಗಿದೆ ಎಂದರೆ, ನೋಡಿಲ್ಲ ಎಂದಳು. ಆಮೇಲೆ ಅವಳೇ ಕೇಳಿದಳು.

“ಮಿಸ್, ಮೊದಲ್ನೇ ಸಲ ಯಾರು ಮುಂದಿದ್ರು?”

“ಗೊತ್ತಿಲ್ಲಮ್ಮ. ನೋಡದೇನೇ ಅಳಿಸ್ದೆ.”

“ಗುರುತು ತಪ್ಪಾಗಿದ್ರೂ ನಾನೇ ಗೆಲ್ತಿದ್ನೇನೋ. ದೊಡ್ಡ ಕ್ಲಾಸ್‌ನೋರೆಲ್ಲ ಹೆಸ್ರು ಓದಿ ನಂಗೇ ಹಾಕಿದೀವಿ ಅಂದಿದ್ರು. ಒಂದ್ಸಲ ನೋಡ್ಬಹುದಿತ್ತು ನೀವು.”

ನೋಡಬಹುದಿತ್ತು. ಗೆಲ್ಲುತ್ತಿದ್ದವಳನ್ನು ಉಳಿಸುತ್ತೇನೆ ಎಂದು ಹೊರಟು ನಾನೇ ಕೆಡವಿದೆನೋ ಏನೋ, ಅದು ಇನ್ನು ಯಾರಿಗೂ ತಿಳಿಯುವ ಹಾಗಿಲ್ಲ.

“ನೋಡಿ ನಿಲ್ಸಿದ್ರೆ, ನಿನಗೋಸ್ಕರ ನಿಲ್ಸಿದೆ ಅಂತಿದ್ರು ಪುಟ್ಟಾ,” ಎಂದೆ.

ಅವಳು ಬ್ಯಾಗಿನ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡಳು. “ಈಗ್ಲೂ ಹಾಗೇ ಅಂತಿದಾರಲ್ಲ ಮಿಸ್,” ಎಂದಳು.